ಕಾಣದ ಸ್ಪೇಸ್ ಕೂತ ಸೆಲ್ಲಿಗೆ ‘ಜೊಳ್ಳು’ ಅನ್ನಬಹುದೆ?

ಗೆಳೆಯರೆ,

ಕಲಬುರಗಿ ಸುತ್ತಲಿನ ತೊಗರಿ ಬೆಳೆಗಾರರ ಗುಂಪುಗಳಲ್ಲಿ ಲೆಕ್ಕ ಬರೆಯುವ ಹುಡುಗರಿಗಾಗಿ ಎಕ್ಸೆಲ್ ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಕೆಲಸ ನಿಂತಿದೆ.

ರೈತರ ಹೆಸರು, ಚೀಲ, ತೂಕ, ತೇವಾಂಶ ಇರುವ ಹಾಳೆ. ನಿಜವಾಗಿ ಏನಾದರೂ ಬರೆದ ಸಾಲಿಗೆ ಮಾತ್ರ ಪಕ್ಕದಲ್ಲಿ ಗುರುತು ಬೀಳಬೇಕು. ತುಂಬಿದ ಸೆಲ್ (ಹಾಳೆಯ ಚೌಕ) ಎಣಿಸುವ ಕೌಂಟ್‌ಎ ಫಾರ್ಮುಲಾ ಹಾಕಿದೆವು, ಕಣ್ಣಿಗೆ ಏನೂ ಕಾಣದ ಸಾಲಿಗೂ ಗುರುತು ಬಿತ್ತು. ಯಾರೋ ಸ್ಪೇಸ್ ಒತ್ತಿಬಿಟ್ಟ ಸೆಲ್, ಇಫ್ ಫಾರ್ಮುಲಾ ಬರಿ ಜೋಡಿ ಕೊಟೇಶನ್ ("", ಎಂದರೆ ಒಂದೂ ಅಕ್ಷರವಿಲ್ಲದ ಪಠ್ಯ) ತಂದಿಟ್ಟ ಸೆಲ್, ಎರಡೂ ಅದರ ಲೆಕ್ಕಕ್ಕೆ ತುಂಬಿದವೇ. ಸೆಲ್ ಖಾಲಿಯೇ ಎಂದು ನೋಡುವ ಇಸ್‌ಬ್ಲ್ಯಾಂಕ್ ಕೂಡ ಅವನ್ನು ಖಾಲಿ ಎನ್ನುವುದಿಲ್ಲ. ಖಾಲಿ ಸೆಲ್ ಎಣಿಸುವ ಕೌಂಟ್‌ಬ್ಲ್ಯಾಂಕ್ ಮಾತ್ರ ಎರಡನೆಯದನ್ನು ಖಾಲಿಗೆ ಸೇರಿಸುತ್ತದೆ, ಮೊದಲನೆಯದನ್ನು ಸೇರಿಸುವುದಿಲ್ಲ. ಇದೆಲ್ಲವನ್ನೂ ‘ಖಾಲಿ’ ಎಂಬ ಒಂದೇ ಪದದಿಂದ ವಿವರಿಸಿದಾಗ ಒಬ್ಬ ಹುಡುಗ ಕೇಳಿದ: “ಸರ್, ಖಾಲಿ ಅದ ಅಂತೀರಿ, ಖಾಲಿ ಇಲ್ಲ ಅಂತೀರಿ. ಯಾವ್ದು ಖರೇ?”

ಆಗ ಹೊಳೆದದ್ದು ‘ಜೊಳ್ಳು’. ಎಣಿಸುವಾಗ ಕಾಳಿನ ಜೊತೆಗೇ ಇರುತ್ತದೆ, ತೂರಿದರೆ ಗಾಳಿಗೆ ಹಾರುತ್ತದೆ. ಟ್ರಿಮ್‌ನಿಂದ ಸ್ಪೇಸ್ ಉದುರಿಸಿ, ಲೆನ್‌ನಿಂದ ಉದ್ದ ಅಳೆದು, ಸೊನ್ನೆಗಿಂತ ಹೆಚ್ಚಿದ್ದರಷ್ಟೇ ಗುರುತು ಹಾಕುವುದು ತೂರುವ ಕೆಲಸವೇ ಅಲ್ಲವೆ? (ವೆಬ್ ಪುಟದಿಂದ ನಕಲಾಗಿ ಬರುವ, 160ನೇ ಸಂಕೇತದ ಸ್ಪೇಸ್ ಟ್ರಿಮ್‌ಗೆ ಜಗ್ಗದು. ಅದನ್ನು ಮೊದಲು ಸಬ್‌ಸ್ಟಿಟ್ಯೂಟ್‌ನಿಂದ ತೆಗೆಯಬೇಕು.)

‘ಪೊಳ್ಳು’ ಎನ್ನಬಹುದಿತ್ತು. ಆದರೆ ‘ಪೊಳ್ಳು ಭರವಸೆ’ ಕೇಳಿ ಕೇಳಿ ಆ ಪದಕ್ಕೆ ಸುಳ್ಳಿನ ನಂಟು ಬೆಳೆದಿದೆ. ಟ್ರೂ, ಫಾಲ್ಸ್ ಎಂದು ಉತ್ತರ ಕೊಡುವ ಫಾರ್ಮುಲಾಗಳ ನಡುವೆ ಅದು ತೊಡಕು. ‘ಶೂನ್ಯ’ವಂತೂ ಬೇಡ. ಹುಡುಗರು ಅದನ್ನು ಸೊನ್ನೆ ಎಂದೇ ಓದುತ್ತಾರೆ, ಸೊನ್ನೆಯೋ ಪಕ್ಕಾ ಮಾಹಿತಿ. ಮಳೆ 0 ಮಿಲಿಮೀಟರ್ ಎಂದರೆ ಯಾರೋ ಅಳೆದು ನೋಡಿದ್ದಾರೆ ಎಂದರ್ಥ. ಆ 0ಗೆ ಲೆನ್ ಕೊಡುವ ಉತ್ತರವೂ 1, ತೂರಿದರೂ ಉಳಿಯುತ್ತದೆ. ಪಕ್ಕದಲ್ಲೇ ಬಸವಕಲ್ಯಾಣ ಇಟ್ಟುಕೊಂಡು ಅಲ್ಲಮನ ಶೂನ್ಯವನ್ನು ‘ಏನೂ ಬರೆದಿಲ್ಲ’ ಎಂಬ ಅರ್ಥಕ್ಕೆ ಇಳಿಸಲು ನನಗೆ ಮನಸ್ಸಿಲ್ಲ.

ಸಾಲಿನ ಪಕ್ಕ ಬೀಳುವ ಆ ಗುರುತಿಗೆ, ಎಂದರೆ ಫ್ಲ್ಯಾಗ್‌ಗೆ, ‘ನಿಶಾನೆ’ ಎಂದಿಟ್ಟಿದ್ದೇನೆ. ಅದರಲ್ಲಿ ಬಾವುಟವೂ ಇದೆ, ಗುರುತೂ ಇದೆ. ದಸರೆಯ ನಿಶಾನೆ ಆನೆ ಹೊರುವುದು ಬಾವುಟವನ್ನೇ, ನಮ್ಮ ಕಡೆ ‘ನಿಶಾನಿ’ ಎಂದರೆ ಗುರುತು. ಇದರ ಬಗ್ಗೆ ನನಗೆ ಅನುಮಾನವಿಲ್ಲ.

ಅನುಮಾನ ಇರುವುದು ಜೊಳ್ಳಿನ ಬಗ್ಗೆ. ನಿಮ್ಮ ಊರುಗಳಲ್ಲಿ ಈ ಪದ ಕಾಳಿಗಷ್ಟೇ ಸಲ್ಲುತ್ತದೆಯೆ, ಮಾತಿಗೆ, ಲೆಕ್ಕಕ್ಕೂ ಬಳಸುತ್ತೀರಾ? ಳಕಾರ ಸಡಿಲವಾಗಿರುವ ಕಡೆ ‘ಜೊಳ್ಳು ಸೆಲ್’ ಎಂದರೆ ‘ಜೊಲ್ಲು’ ಎಂದು ಕೇಳಿಸಿಬಿಡುತ್ತದೆಯೆ?