ಹಡಗಿನಾಗ ಅವ್ವ ಜಾರಿ ಬಿದ್ದು ಕೈ ಮುರಕೊಂಡಾಳ, ಕೆಳಗ ಇಳಿಯೂದ್ರಾಗ ಏನೇನ್ ಮಾಡಸ್ಬೇಕ್ರಿ?

ತೊಗರಿ_ಕಣಜ (ಕಲಬುರಗಿ)

ನಮಸ್ಕಾರ್ರಿ ಎಲ್ಲಾರಿಗೂ, ಜರ ಅರ್ಜೆಂಟ್ ಅದ. ಅಪ್ಪ ಅವ್ವ ಇಬ್ರೂ ಸಿಂಗಾಪುರದಿಂದ ಕ್ರೂಸ್ ಹೋಗ್ಯಾರ, ಪೆನಾಂಗ್, ಫುಕೆಟ್ ನೋಡ್ಕೊಂಡು ವಾಪಸ್ ಸಿಂಗಾಪುರಕ್ಕೇ ಬರೂದು, ಪ್ಯಾಕೇಜ್ ಇಲ್ಲೇ ಕಲಬುರಗಿ ಏಜೆಂಟ್ ಹತ್ರ ತಗೊಂಡಿದ್ದು. ನಿನ್ನಿ ಸಂಜಿಗೆ ಪೂಲ್ ಬಾಜೂಕ ನೀರ್ ನಿಂತಿತ್ತಂತ, ಅವ್ವನ ಕಾಲ್ ಜಾರಿ ಬಲಗೈ ಊರಿ ಬಿದ್ದಾಳ. ಹಡಗಿನ ಡಾಕ್ಟರ್ ಎಕ್ಸ್‌-ರೇ ತಗದು ಮಣಿಕಟ್ಟಿನ ಎಲುಬು ಮುರಿದದ ಅಂತ ಹೇಳಿ ಅರ್ಧ ಪ್ಲಾಸ್ಟರ್ ಹಾಕ್ಯಾರ, ಬಿಲ್ ಎಲ್ಲಾ ಕ್ಯಾಬಿನ್ ಕಾರ್ಡಿಗೆ ಹಚ್ಯಾರ. ನಾಡದ ಮುಂಜಾನಿ ಹಡಗು ಸಿಂಗಾಪುರ ಮುಟ್ತದ, ರಾತ್ರಿ ಹೈದರಾಬಾದ್ ಫ್ಲೈಟ್ ಅದ. ಇನ್ಶೂರೆನ್ಸ್ ಮಾಡಿಸೀವಿ. ಅವ್ವಗ ಬಿಪಿ ಗುಳಿಗಿ ನಡದಾವ, ಅಪ್ಪಗ ಇಂಗ್ಲಿಷ್ ಅಷ್ಟಕ್ಕಷ್ಟೇ, ವಾಟ್ಸಾಪ್ ಕಾಲ್ ಬಂದಾಗ ಬರ್ತದ ಇಲ್ಲಂದ್ರ ಇಲ್ಲ. ವಿಮಾನಕ್ಕ ಹತ್ತಸ್ತಾರೋ ಇಲ್ಲೋ, ಆಪರೇಶನ್ ಅಲ್ಲೇ ಮಾಡಸ್ಬೇಕೋ ಇಲ್ಲಿಗೆ ಬಂದ ಮ್ಯಾಲ ನಡೀತದೋ, ಯಾರರ ತಿಳಿದವ್ರು ಹೇಳ್ರಿ, ರಾತ್ರಿ ನಿದ್ದಿ ಹತ್ತಿಲ್ಲ.

ಬೀದರ್_ಬಾವ್ಡಿ

ಅಣ್ಣಾರೆ, ನಾ ಇನ್ಶೂರೆನ್ಸ್ ಕ್ಲೇಮ್ ಕೆಲಸದಾಗೇ ಇದ್ದೀನಿ. ಮೊದಲ ಕೆಲಸ, ಪಾಲಿಸಿ ಕಾಗದದ ಮ್ಯಾಲ ಅಸಿಸ್ಟೆನ್ಸ್ ನಂಬರ್ ಅಂತ ಇರ್ತದ, 24 ತಾಸು ನಡಿಯೂದು, ಅದಕ್ಕ ನೀವೇ ಇಲ್ಲಿಂದ ಈಗೇ ಫೋನ್ ಹಚ್ಚಿ ರೆಫರೆನ್ಸ್ ನಂಬರ್ ಬರಕೊಳ್ರಿ. ಅಪ್ಪಾಜಿನೇ ಹಡಗಿನಿಂದ ಮಾಡ್ಬೇಕು ಅಂತಿಲ್ಲ, ಮನಿಯವ್ರು ಮಾಡಿದ್ರೂ ನಡೀತದ. ಹಡಗಿನಾಗ ಬಹುತೇಕ ಕ್ಯಾಶ್‌ಲೆಸ್ ನಡಿಯಂಗಿಲ್ಲ, ಮೊದಲು ರೊಕ್ಕ ಕಟ್ಟಿ ಆಮ್ಯಾಲ ಊರಿಗೆ ಬಂದು ಕ್ಲೇಮ್ ಮಾಡೂದು. ಹಂಗಂತ ಕಾರ್ಡ್ ಸ್ಟೇಟ್‌ಮೆಂಟ್ ಒಂದೇ ತಂದ್ರ ಸಾಲಂಗಿಲ್ಲ, ಮೆಡಿಕಲ್ ಸೆಂಟರ್‌ನಿಂದ ಎಕ್ಸ್‌-ರೇಗ ಎಷ್ಟು, ಪ್ಲಾಸ್ಟರ್‌ಗ ಎಷ್ಟು ಅಂತ ಬಿಡಿಸಿ ಬರದ ಬಿಲ್, ಡಾಕ್ಟರ್ ರಿಪೋರ್ಟ್, ಎಕ್ಸ್‌-ರೇ ಸಿಡಿ, ಇವೆಲ್ಲಾ ಇಳಿಯೂಕಿಂತ ಮೊದಲೇ ಕೈಯಾಗ ಇರ್ಬೇಕು. ಹಡಗು ಮುಂದಿನ ಟ್ರಿಪ್ಪಿಗೆ ಹೋದ್ ಮ್ಯಾಲ ಒಂದ್ ಕಾಗದಕ್ಕ ಈಮೇಲ್ ಹಾಕಿ ಹಾಕಿ ಹೈರಾಣ ಆಗೋ ಮಂದಿನ್ನ ದಿನಾ ನೋಡ್ತೀನ್ರಿ.

ಇನ್ನೊಂದು ಭಾಳ ಮುಖ್ಯ, ಅಮ್ಮಗ ಬಿಪಿ ಅದ ಅಂದ್ರಲ್ಲ. ಡಾಕ್ಟರ್ ರಿಪೋರ್ಟಿನಾಗ ಹೆಂಗ ಬಿದ್ರು ಅಂತ ಒಂದ್ ಸಾಲ್ ಇರ್ತದ, ಕ್ಲೇಮ್ ನೋಡವ್ರ ಕಣ್ಣು ಮೊದಲು ಅಲ್ಲೇ ಹೋಗ್ತದ. ತೇವ ಇದ್ದ ಡೆಕ್ ಮ್ಯಾಲ ಜಾರಿ ಬಿದ್ದಾರ ಅಂತ ಖರೇ ಇದ್ದದ್ದು ಖರೇ ಬರೀಲಿ. ಭಾಷಾ ತಿಳೀದೆ ಚಕ್ಕರ್ ಬಂದು ಬಿದ್ರು ಅಂತ ಬರದುಬಿಟ್ರ, ಇದು ಹಳೇ ಬ್ಯಾನಿದು ಅಂತ ಹೇಳಿ ತಕರಾರ್ ತಗೀತಾರ. ಹಡಗಿನ ಸ್ಟಾಫ್‌ನಾಗ ನಮ್ಮ ದೇಶದವ್ರು ಭಾಳ ಇರ್ತಾರ, ಅಪ್ಪಾಜಿಗೆ ಹಿಂದಿ ಬರೋ ಒಬ್ಬರನ್ನ ಕರಕೊಂಡು ಹೋಗಿ ಆ ರಿಪೋರ್ಟ್ ಓದಿಸಿ ಕೇಳ್ಲಿಕ್ಕ ಹೇಳ್ರಿ.

ಎಲುಬು_ಕೀಲು

ನಾನು ಮೂಳೆ ವಿಭಾಗದ ಡಾಕ್ಟರ್, ಕಲಬುರಗಿಯವ್ನೇ. ಮೊದಲು ಅಮ್ಮಾರ ಕೈಯಾಗಿನ ಬಳಿ, ಪಾಟ್ಲಿ, ಉಂಗುರ ತಗದಾರೇನು ಕೇಳ್ರಿ, ಬಾವು ಬಂದ ಮ್ಯಾಲ ಅವು ಬರಂಗಿಲ್ಲ, ಕತ್ತರಿಸ್ಬೇಕಾಗ್ತದ, ರಕ್ತ ಓಡಾಡೂದಕ್ಕೂ ಅಡ್ಡ. ನಮ್ಮ ಕಡಿ ಹೆಣ್ಮಕ್ಕಳು ಬಳಿ ತಗಿಲಿಕ್ಕ ಒಪ್ಪೂದಿಲ್ಲ, ಅವ್ವಗ ಸಮಾಧಾನ ಹೇಳಿ ತಗಸ್ರಿ, ಆ ಕೈಗೆ ಈಗ ಬ್ಯಾಡೇ ಬ್ಯಾಡ. ಕೈ ದಿಂಬಿನ ಮ್ಯಾಲ ಎದಿಗಿಂತ ಎತ್ತರಕ್ಕ ಇಟ್ಕೊಂಡು ಮಲಗ್ಲಿ, ಬೆರಳು ಆಗಾಗ ಮಡಚಿ ಬಿಚ್ಚತಾ ಇರ್ಲಿ. ಬೆರಳು ನೀಲಿ ಆಗೂದು, ಜೋಮು ಹಿಡಿಯೂದು, ಗುಳಿಗಿ ತಗೊಂಡ್ರೂ ನೋವು ಏರ್ತಾನೇ ಹೋಗೂದು, ಇದ್ರಾಗ ಒಂದ್ ಕಂಡ್ರೂ ರಾತ್ರಿ ಅಂತ ನೋಡಬ್ಯಾಡ್ರಿ, ತಕ್ಷಣ ಮೆಡಿಕಲ್ ಸೆಂಟರ್‌ಗ ಹೋಗ್ಬೇಕು.

ವಿಮಾನದ ಬಗ್ಗೆ. ಎರಡು ತಾಸಿಗಿಂತ ಹೆಚ್ಚಿನ ಪ್ರಯಾಣ ಇದ್ರ ಪ್ಲಾಸ್ಟರ್ ಹಾಕಿ 48 ತಾಸು ಆಗ್ಬೇಕು ಅಂತ ಸಾಮಾನ್ಯವಾಗಿ ವಿಮಾನದವ್ರು ಕೇಳ್ತಾರ, ಪೂರ್ತಿ ಸುತ್ತಿದ ಪ್ಲಾಸ್ಟರ್ ಒಳಗ ಕೈ ಬಾತ್ರ ಬಿಗೀತದ ಅಂತ. ನಿಮ್ಮವ್ವಗ ಹಾಕಿದ್ದು ಅರ್ಧ ಪ್ಲಾಸ್ಟರ್, ಬಾವು ಬಂದ್ರೂ ಅದ್ರಾಗ ಜಾಗ ಇರ್ತದ, ಟೈಮೂ ಹೆಚ್ಚು ಕಡಿಮಿ ಸರಿ ಹೋಗ್ತದ. ಆದ್ರೂ ಹಡಗಿನ ಡಾಕ್ಟರ್ ಹತ್ರ ವಿಮಾನದಾಗ ಹೋಗಬಹುದು ಅನ್ನೋ ಫಿಟ್ ಟು ಫ್ಲೈ ಸರ್ಟಿಫಿಕೇಟ್ ಬರೆಸಿಕೊಳ್ರಿ, ವಿಮಾನ ಕಂಪನಿಗೆ ಇವತ್ತೇ ಫೋನ್ ಮಾಡಿ ವ್ಹೀಲ್‌ಚೇರ್ ಹೇಳ್ರಿ, ಕೌಂಟರ್‌ಗ ಹೋಗಿ ಹೇಳಿದ್ರ ತ್ರಾಸ ಆಗ್ತದ. ಆಪರೇಶನ್ ಬೇಕಾದ್ರೂ ಚರ್ಮ ಹರಿದು ಗಾಯ ಆಗಿಲ್ಲ, ಬೆರಳಿಗೆ ರಕ್ತ ಬರೋಬ್ಬರಿ ಹರೀತದ ಅಂದ್ರ ಅಲ್ಲೇ ಮಾಡಸ್ಬೇಕು ಅಂತಿಲ್ಲ, ಎರಡು ವಾರದೊಳಗ ಪ್ಲೇಟ್ ಹಾಕಿದ್ರೂ ನಡೀತದ. ಹೈದರಾಬಾದಿನಾಗ ಇಳಿದ ಕೂಡ್ಲೇ ರಾತ್ರೋರಾತ್ರಿ ಕಾರಿನಾಗ ನಾಲ್ಕೈದು ತಾಸು ಕೂಡಸ್ಕೊಂಡು ಬರಬ್ಯಾಡ್ರಿ, ಒಂದ್ ದಿನ ಅಲ್ಲೇ ನಿಂತು ಬರ್ರಿ.

ಯಾದಗಿರಿ_ಟೈಗರ್

ಬಾಸ್ ಪೂಲ್ ಹತ್ರ ನೀರ್ ಬಿಟ್ಟಿದ್ದು ಅವರ ತಪ್ಪು, ಕಂಪನಿ ಮ್ಯಾಲ ಇಲ್ಲೇ ಕಲಬುರಗಿ ಕೋರ್ಟಿನಾಗ ಕೇಸ್ ಹಾಕ್ರಿ, ಕೋಟಿಗಟ್ಟಲೆ ಬರ್ತದ

ಕರಿಕೋಟು (ಕಲಬುರಗಿ)

ಟೈಗರ್ ಅವ್ರೇ, ಅಷ್ಟು ಸಲೀಸಲ್ಲ. ಕ್ರೂಸ್ ಟಿಕೆಟ್ ಹಿಂದ ಒಂದು ಕರಾರು ಇರ್ತದ, ಯಾವ ದೇಶದ ಯಾವ ಕೋರ್ಟಿನಾಗ ಕೇಸ್ ಹಾಕ್ಬೇಕು ಅಂತ ಅದ್ರಾಗೇ ಬರದಿರ್ತಾರ. 1991ರಾಗ ಅಮೆರಿಕಾದ ಸುಪ್ರೀಂ ಕೋರ್ಟ್ ಕಾರ್ನಿವಲ್ ಕಂಪನಿ ಮತ್ತು ಶೂಟ್ ದಂಪತಿ ಕೇಸಿನಾಗ ಇದನ್ನೇ ಎತ್ತಿಹಿಡೀತು. ಆ ಹೆಣ್ಮಗಳೂ ಹಡಗಿನಾಗ ಜಾರೇ ಬಿದ್ದಿದ್ರು, ವಾಷಿಂಗ್ಟನ್ ರಾಜ್ಯದವ್ರು, ಟಿಕೆಟಿನಾಗ ಫ್ಲೋರಿಡಾ ಅಂತಿತ್ತು, ಅಲ್ಲಿಗೇ ಹೋಗ್ರಿ ಅಂದ್ರು. ಅವರ ದೇಶದ ಮಂದಿಗೇ ಹಂಗಾದ್ರ ನಾವು ಕರಾರು ಓದದೆ ಏನೂ ಮಾತಾಡೂದು ಬ್ಯಾಡ. ಟೈಮೂ ಕಮ್ಮಿ ಇರ್ತದ, ಅಮೆರಿಕಾ ಬಂದರು ಮುಟ್ಟೋ ಹಡಗಿನ ಕರಾರಿನಾಗ ಬಹುತೇಕ ಆರು ತಿಂಗಳೊಳಗ ಲಿಖಿತ ನೋಟಿಸ್, ಒಂದು ವರ್ಷದೊಳಗ ದಾವೆ. ಹಡಗಿನ ಪ್ರಯಾಣಿಕರಿಗೆ ಪೆಟ್ಟಾದ್ರ ಪರಿಹಾರದ ಬಗ್ಗೆ ಇರೋ ಅಂತಾರಾಷ್ಟ್ರೀಯ ಅಥೆನ್ಸ್ ಒಪ್ಪಂದ ಲಾಗೂ ಆಗೋ ಕಡಿ ಇಳಿದ ದಿನದಿಂದ ಎರಡು ವರ್ಷ. ನಿಮ್ಮದು ಯಾವುದು ಅಂತ ಟಿಕೆಟ್ ಪಿಡಿಎಫ್ ತಗದು ನೋಡ್ರಿ.

ಆದ್ರ ಕೇಸ್ ಹಾಕ್ತೀರೋ ಬಿಡ್ತೀರೋ, ಸಾಕ್ಷಿ ಈಗಿಂದೀಗ ಹಿಡ್ಕೊಳ್ರಿ. ಅಪ್ಪಾರು ಗೆಸ್ಟ್ ಸರ್ವಿಸ್ ಕೌಂಟರ್‌ಗ ಹೋಗಿ ಇನ್ಸಿಡೆಂಟ್ ರಿಪೋರ್ಟ್ ಬರೆಸಿ ಕಾಪಿ ಕೇಳ್ಲಿ, ಕಾಪಿ ಕೊಡಂಗಿಲ್ಲ ಅಂದ್ರ ರಿಪೋರ್ಟ್ ನಂಬರ್, ಬರಕೊಂಡವ್ರ ಹೆಸರಾದ್ರೂ ಫೋಟೋ ಹೊಡ್ಕೊಳ್ಲಿ. ಬಿದ್ದ ಜಾಗದ ಫೋಟೋ, ಅಲ್ಲಿ ತೇವ ಅದ ಅನ್ನೋ ಬೋರ್ಡ್ ಇತ್ತೋ ಇಲ್ಲೋ, ನೋಡಿದವ್ರ ಹೆಸರು, ಫೋನು. ಸಿಸಿಟಿವಿ ತಗದಿಡ್ರಿ ಅಂತ ಈಮೇಲ್ ನೀವೇ ಇಲ್ಲಿಂದ ಇವತ್ತು ಹಾಕ್ರಿ, ತಾರೀಖು, ಟೈಮು, ಯಾವ ಡೆಕ್ಕು ಎಲ್ಲಾ ಬರದು. ಇನ್ನ ಇಳಿಯೋ ಮುಂದ ಸಮಾಧಾನಕ್ಕ ಅಂತ ಹೇಳಿ ವೋಚರ್ ಕೊಟ್ಟು ಒಂದ್ ಕಾಗದಕ್ಕ ಸಹಿ ಕೇಳಬಹುದು. ಓದದೆ ಸಹಿ ಮಾಡಬ್ಯಾಡ ಅಂತ ಅಪ್ಪಾರಿಗೆ ಗಟ್ಟಿಯಾಗಿ ಹೇಳ್ರಿ, ಮುಂದ ಏನೂ ಕೇಳಂಗಿಲ್ಲ ಅಂತ ಅದ್ರಾಗ ಇರ್ತದ.

ಇನ್ಶೂರೆನ್ಸ್‌ನವ್ರು ಅಥವಾ ಇಲ್ಲಿನ ಏಜೆಂಟ್ ಕೈ ಎತ್ತಿದ್ರ ಮಾತ್ರ ಕಲಬುರಗಿ ದಾರಿ ಅದ. 2019ರ ಗ್ರಾಹಕ ಕಾಯ್ದೆ ಪ್ರಕಾರ ನಾವು ಇರೋ ಊರಿನ ಜಿಲ್ಲಾ ಆಯೋಗದಾಗೇ ದೂರು ಕೊಡಬಹುದು, ಎರಡು ವರ್ಷದೊಳಗ. ಇನ್ಶೂರೆನ್ಸ್ ಒಂದಕ್ಕೇ ಆದ್ರ ಮೊದಲು ಕಂಪನಿಗೆ ಲಿಖಿತ ದೂರು ಕೊಡ್ರಿ, ಒಂದ್ ತಿಂಗಳಾದ್ರೂ ಉತ್ತರ ಇಲ್ಲ ಇಲ್ಲಾ ಒಪ್ಪಿಗಿ ಆಗ್ಲಿಲ್ಲ ಅಂದ್ರ ಇಂಥ ತಕರಾರು ಬಗೆಹರಿಸೋ ಬೆಂಗಳೂರಿನ ಇನ್ಶೂರೆನ್ಸ್ ಓಂಬುಡ್ಸ್‌ಮನ್, ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಕಿಲ್ಲ.

ತೊಗರಿ_ಕಣಜ (ಕಲಬುರಗಿ)

ಎಲ್ಲಾರಿಗೂ ಕೈ ಮುಗೀತೀನ್ರಿ. ಅಸಿಸ್ಟೆನ್ಸ್‌ಗ ಫೋನ್ ಹಚ್ಚಿ ನಂಬರ್ ತಗೊಂಡೀನಿ, ವ್ಹೀಲ್‌ಚೇರೂ ಹೇಳೀನಿ. ಬಳಿ ತಗದಾರಂತ, ಬೆರಳು ಆಡಸ್ತಾಳ, ಜೋಮು ಇಲ್ಲ. ಅಪ್ಪ ಹಿಂದಿ ಬರೋ ಹುಡುಗನ್ನ ಕರಕೊಂಡು ಹೋಗಿ ರಿಪೋರ್ಟ್ ಓದಿಸಿದ್ರ ಅದ್ರಾಗ ಖಾಲಿ ಬಿದ್ದಾರ ಅಂತಷ್ಟೇ ಇತ್ತಂತ, ತೇವದ ಡೆಕ್ ಅಂತ ಸೇರಸ್ಯಾರ. ಇನ್ಸಿಡೆಂಟ್ ರಿಪೋರ್ಟ್ ಕಾಪಿ ನಾಳಿ ಕೊಡ್ತೀವಿ ಅಂದಾರ. ಡಾಕ್ಟರೇ, ಪ್ರಯಾಣದಾಗ ಬಿಪಿ ಗುಳಿಗಿ ಟೈಮ್ ಅಲ್ಲಿಂದೋ ಇಲ್ಲಿಂದೋ?

ಎಲುಬು_ಕೀಲು

ನಮ್ಮ ಟೈಮಿಗೇ ಕೊಡ್ರಿ, ಎರಡೂವರಿ ತಾಸಿನ ಫರಕು ಅಷ್ಟೇ. ಗುಳಿಗಿ ಮಾತ್ರ ಚೆಕ್-ಇನ್ ಬ್ಯಾಗಿನಾಗ ಹಾಕಬ್ಯಾಡ್ರಿ, ರಿಪೋರ್ಟು, ಸಿಡಿ ಜೋಡಿ ಅಪ್ಪಾರ ಕೈಚೀಲದಾಗ ಇರ್ಲಿ. ಎಕ್ಸ್‌-ರೇ ಫೋಟೋ ಹೆಸರು ಮುಚ್ಚಿ ನಂಗ ಮೆಸೇಜ್ ಮಾಡ್ರಿ, ನೋಡಿ ಹೇಳ್ತೀನಿ.