ಕೋಚ್ ಬದಲಾಯಿಸಿದರೆ ಟೀಮ್ ಗೆಲ್ಲುತ್ತಾ? ಕ್ಲಬ್ ನಡೆಸಿದವರು ಅನುಭವ ಹೇಳಿ

ಕೇಳಿದವರು: ಬೆಂಗಳೂರಿನ ಒಂದು ಸಣ್ಣ ಕ್ಲಬ್‌ನ ಸೆಕ್ರೆಟರಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿ ಡಿವಿಷನ್, ಅಂದರೆ ಕೆಳಗಿನ ಹಂತದ ಲೀಗ್ ಆಡುವ ಫುಟ್‌ಬಾಲ್ ಕ್ಲಬ್. 22 ಹುಡುಗರಿದ್ದಾರೆ. ಅರ್ಧ ಜನ ಕಾಲೇಜು, ಕೆಲವರು ಡೆಲಿವರಿ ಕೆಲಸ, ಇಬ್ಬರು ಗ್ಯಾರೇಜ್‌ನಲ್ಲಿದ್ದಾರೆ. ನಾಲ್ಕು ವರ್ಷದಲ್ಲಿ ಮೂವರು ಕೋಚ್‌ಗಳನ್ನು ನೋಡಿದೆವು. ಮೊದಲನೆಯವರು ತುಂಬಾ ಸ್ಟ್ರಿಕ್ಟ್. ಎರಡನೆಯವರು ಹುಡುಗರ ಜೊತೆ ಹುಡುಗರಾಗಿದ್ದರು. ಮೂರನೆಯವರ ಹತ್ತಿರ ಲೈಸೆನ್ಸ್ ಇತ್ತು, ಲ್ಯಾಪ್‌ಟಾಪ್ ಇತ್ತು. ಪಾಯಿಂಟ್ಸ್ ಟೇಬಲ್‌ನಲ್ಲಿ ಮಾತ್ರ ನಾವು ಅಲ್ಲೇ ಕೆಳಗೆ. ಈಗ ಕಮಿಟಿಯವರು ಮತ್ತೆ ಹೊಸಬರನ್ನು ಹುಡುಕಿ ಅಂತ ಕೂತಿದ್ದಾರೆ. ನನಗೆ ಯಾಕೋ ಮನಸ್ಸು ಒಪ್ಪುತ್ತಿಲ್ಲ. ಒಳ್ಳೆಯ ಕೋಚ್‌ನಲ್ಲಿ ಏನು ನೋಡಬೇಕು? ಕೆಲವು ಕ್ಲಬ್‌ಗಳಿಗೆ ಗೆಲ್ಲುವುದು ಅಭ್ಯಾಸವೇ ಆಗಿರುತ್ತದಲ್ಲ, ಅದು ಎಲ್ಲಿಂದ ಬರುತ್ತದೆ?

ಆಸ್ಟಿನ್ ಟೌನ್‌ನಿಂದ ಒಬ್ಬ ಹಳೇ ಆಟಗಾರ:

ಸರ್, ಮೊದಲು ನಾನೊಂದು ಕೇಳುತ್ತೇನೆ. ನಿಮ್ಮ 22 ಜನರಲ್ಲಿ ಯಾವಾಗಲೂ ಹೊರಗೇ ಕೂರುವ ಹುಡುಗ ಯಾರು? ಕಳೆದ ಸೀಸನ್‌ನಲ್ಲಿ ಅವನು ಎಷ್ಟು ನಿಮಿಷ ಆಡಿದ? ಕೋಚ್ ಅವನನ್ನು ಕೂರಿಸಿಕೊಂಡು ಮಾತಾಡಿದ್ದು ಯಾವಾಗ? ಇದಕ್ಕೆ ಉತ್ತರ ಹೇಳಲು ನೀವು ತಡವರಿಸಿದರೆ ನಿಮ್ಮ ತೊಂದರೆ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತದೆ.

ನಾನು ಫ್ಯಾಕ್ಟರಿ ಟೀಮ್‌ಗೆ ಆಡಿದವನು. ಆಮೇಲೆ 17 ವರ್ಷ ನಮ್ಮ ಏರಿಯಾ ಹುಡುಗರನ್ನು ನೋಡಿಕೊಂಡೆ. ಒಂದು ಮ್ಯಾಚ್ ಈಗಲೂ ಕಣ್ಣ ಮುಂದಿದೆ. ಗೆದ್ದರೆ ಮೇಲಿನ ಡಿವಿಷನ್‌ಗೆ ಹೋಗುತ್ತೇವೆ. 1–1 ಆಗಿತ್ತು, ಹತ್ತು ನಿಮಿಷ ಬಾಕಿ. ನಮ್ಮ ಲೆಫ್ಟ್ ಬ್ಯಾಕ್‌ಗೆ ಮೀನಖಂಡ ಹಿಡಿದುಕೊಂಡಿತು. ಬೆಂಚ್ ಕಡೆ ತಿರುಗಿ ಒಬ್ಬನ ಹೆಸರು ಕೂಗಿದೆ. ಅವನ ಕಿವಿಯಲ್ಲಿ ಇಯರ್‌ಫೋನ್. ಕಾಲಲ್ಲಿ ಚಪ್ಪಲಿ. ಸ್ಟಡ್ಸ್ ಇನ್ನೂ ಬ್ಯಾಗ್ ಒಳಗಿತ್ತು. ಅವನು ಲೇಸ್ ಕಟ್ಟಿ ಒಳಗೆ ಹೋಗುವಷ್ಟರಲ್ಲಿ ಮೂರು ನಿಮಿಷ ಹೋಯಿತು. ಅಷ್ಟು ಹೊತ್ತೂ ನಾವು ಹತ್ತೇ ಜನ. ಗೋಲ್ ಬಂದಿದ್ದು ಅದೇ ಎಡಗಡೆಯಿಂದ.

ಎಲ್ಲರೂ ಆ ಹುಡುಗನಿಗೆ ಬೈದರು. ನಾನೂ ಬೈದೆ. ರಾತ್ರಿ ಮನೆಗೆ ಬಂದು ಸ್ಕೋರ್ ಪುಸ್ತಕ ತೆಗೆದು ಲೆಕ್ಕ ಹಾಕಿದೆ. ಆ ಸೀಸನ್‌ನಲ್ಲಿ ಅವನು ಒಂಬತ್ತು ಮ್ಯಾಚ್ ಬೆಂಚ್‌ನಲ್ಲಿ ಕೂತಿದ್ದ. ಒಂದು ನಿಮಿಷವೂ ಆಡಿರಲಿಲ್ಲ. ಯಾಕೆ ಆಡಿಸುತ್ತಿಲ್ಲ ಅಂತ ನಾನು ಒಂದು ಸಲವೂ ಹೇಳಿರಲಿಲ್ಲ. ಇನ್ನು ಹತ್ತನೇ ಮ್ಯಾಚ್‌ಗೆ ನೀನು ರೆಡಿ ಇರಬೇಕಿತ್ತು ಅಂತ ಯಾವ ಬಾಯಲ್ಲಿ ಕೇಳಲಿ? ಮಾರನೇ ದಿನ ಅವನ ಮನೆಗೆ ಹೋದೆ. ಅವರಮ್ಮ ಕಾಫಿ ಕೊಟ್ಟರು. ಅವನು ರೂಮಿನಿಂದ ಹೊರಗೆ ಬರಲಿಲ್ಲ.

ಅವತ್ತಿನಿಂದ ನಾನು ಯಾವ ಕ್ಲಬ್‌ಗೆ ಹೋದರೂ ಮೊದಲು ನೋಡುವುದು ಬೆಂಚನ್ನು. ಮೇನ್ ಹನ್ನೊಂದು ಜನ ಎಲ್ಲ ಕಡೆ ಚೆನ್ನಾಗಿಯೇ ಇರುತ್ತಾರೆ. ಅವರನ್ನು ಖುಷಿಯಾಗಿಡಲು ಕೋಚ್ ಬೇಕಾಗಿಲ್ಲ, ಆಟವೇ ಸಾಕು. ಹನ್ನೆರಡರಿಂದ ಇಪ್ಪತ್ತೆರಡನೆಯವರ ತನಕ ಇರುವವರನ್ನು ಯಾರು ನೋಡಿಕೊಳ್ಳುತ್ತಾರೋ ಅವರೇ ನನ್ನ ಪ್ರಕಾರ ಕೋಚ್.

ಮುಂದಿನ ವರ್ಷ ನಾನು ಮಾಡಿದ್ದು ದೊಡ್ಡದೇನಲ್ಲ. ಪ್ರ್ಯಾಕ್ಟೀಸ್‌ನಲ್ಲಿ ಎ ಟೀಮ್, ಬಿ ಟೀಮ್ ಅಂತ ಬಿಬ್ಸ್ (ಜೆರ್ಸಿ ಮೇಲೆ ಹಾಕುವ ಬಣ್ಣದ ಬನಿಯನ್) ಹಂಚುವುದನ್ನು ಬಿಟ್ಟೆ. ದಿನಾ ಕಲಸಿ ಆಡಿಸಿದೆ. ಮ್ಯಾಚ್ ಆಡದವರಿಗೆ ಅದೇ ಸಂಜೆ ಅರ್ಧ ಗಂಟೆ ಬೇರೆ ಆಟ ಇಟ್ಟೆ. ಹೊರಗೆ ಕೂರಿಸುವವನಿಗೆ ಹಿಂದಿನ ದಿನವೇ ಹೇಳುತ್ತಿದ್ದೆ. ಕಾರಣ ಒಂದೇ ಒಂದು, ಅವನು ಸರಿಮಾಡಿಕೊಳ್ಳಬಹುದಾದದ್ದು. ‘ನಿನ್ನ ಆಟ ಸಾಲದು’ ಅಂದರೆ ಅವನು ಏನು ಮಾಡಬೇಕು? ‘ಬಾಲ್ ಕೈ ತಪ್ಪಿದ ಮೇಲೆ ನೀನು ನಿಂತುಬಿಡುತ್ತೀಯ, ಹಿಂದೆ ಓಡು’ ಅಂದರೆ ಬುಧವಾರ ಅದನ್ನೇ ಮಾಡಿ ತೋರಿಸುತ್ತಾನೆ. ಆಮೇಲೆ ಒಂದು ನಿಯಮ. ವಾರದಲ್ಲಿ ಎರಡು ಪ್ರ್ಯಾಕ್ಟೀಸ್‌ಗೆ ಹೇಳದೆ ತಪ್ಪಿಸಿಕೊಂಡವನು ಯಾರೇ ಆಗಲಿ, ಭಾನುವಾರ ಬೆಂಚ್‌ನಿಂದ ಶುರು. ಕೆಲಸದ ಶಿಫ್ಟ್ ಇದ್ದವರು ಮುಂಚೆಯೇ ಫೋನ್ ಮಾಡಿದರೆ ಸಾಕು, ಅದು ತಪ್ಪಿಸಿಕೊಂಡ ಲೆಕ್ಕಕ್ಕಿಲ್ಲ.

ದೊಡ್ಡ ಕ್ಲಬ್‌ನದೂ ಇದೇ ಕಥೆ ಸರ್. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾದಾಗ ನಾವೆಲ್ಲ ಅಶೋಕನಗರದ ಸ್ಟೇಡಿಯಂಗೆ ನಡೆದುಕೊಂಡೇ ಹೋಗುತ್ತಿದ್ದೆವು. ಆಶ್ಲಿ ವೆಸ್ಟ್‌ವುಡ್ ಕೋಚ್. ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2014ರ ಏಪ್ರಿಲ್‌ನಲ್ಲಿ ಗೋವಾಕ್ಕೇ ಹೋಗಿ ಡೆಂಪೊವನ್ನು 4–2ರಿಂದ ಸೋಲಿಸಿ ಕಪ್ ತಂದರು. ಸ್ಟಾರ್ ಸ್ಟ್ರೈಕರ್ ಸುನಿಲ್ ಛೆಟ್ರಿ ಇದ್ದರು, ಅದಕ್ಕೇ ಗೆದ್ದರು ಅಂತ ಜನ ಹೇಳುತ್ತಾರೆ. ಛೆಟ್ರಿ ಇದ್ದದ್ದು ನಿಜ. ಆದರೆ ಗ್ಯಾಲರಿಯಿಂದ ನನಗೆ ಕಂಡದ್ದು ಇನ್ನೊಂದು. 75ನೇ ನಿಮಿಷದಲ್ಲಿ ಎದುರಿನವರು ಸೊಂಟಕ್ಕೆ ಕೈ ಕೊಟ್ಟು ನಿಂತಿರುತ್ತಿದ್ದರು. ಇವರು ಇನ್ನೂ ಓಡುತ್ತಿದ್ದರು. ಅಂಥ ದಮ್ಮು ಮ್ಯಾಚ್ ದಿನ ಬರುವುದಲ್ಲ. ಯಾರೂ ನೋಡದ ಮಂಗಳವಾರ, ಬುಧವಾರ ಬರುವಂಥದ್ದು.

ಅದಕ್ಕಿಂತಲೂ ನನಗೆ ಇಷ್ಟವಾದದ್ದು ಆಮೇಲಿನ ಕಥೆ. 2018ರ ಮಾರ್ಚ್ 17. ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್, ನಮ್ಮದೇ ಕಂಠೀರವದಲ್ಲಿ. ಚೆನ್ನೈಯಿನ್ ಎಫ್‌ಸಿ ಎದುರು 3–2ರಿಂದ ಸೋತೆವು. ಅವರ ಎರಡು ಗೋಲ್ ಕಾರ್ನರ್ ಕಿಕ್‌ನಿಂದ, ಎರಡೂ ಅವರ ಡಿಫೆಂಡರ್ ಮೈಲ್ಸನ್ ಆಲ್ವೆಸ್ ತಲೆಯಿಂದ ಹೊಡೆದದ್ದು. ಸ್ಟೇಡಿಯಂನಿಂದ ಮನೆ ತನಕ ನಾನು ಮಾತೇ ಆಡಲಿಲ್ಲ. ಕೋಚ್ ಆಲ್ಬರ್ಟ್ ರೋಕಾ ಹೋದರು. ಕ್ಲಬ್‌ನವರು ಎಲ್ಲ ಕಿತ್ತುಹಾಕಿ ಹೊಸದಾಗಿ ಶುರುಮಾಡಲಿಲ್ಲ. ರೋಕಾ ಹತ್ತಿರವೇ ಅಸಿಸ್ಟೆಂಟ್ ಆಗಿದ್ದ ಕಾರ್ಲೆಸ್ ಕ್ವಾಡ್ರಾಟ್‌ಗೆ ಟೀಮ್ ಕೊಟ್ಟರು. ಸರಿಯಾಗಿ ಒಂದು ವರ್ಷ, 2019ರ ಮಾರ್ಚ್ 17, ಮುಂಬೈ. ಎಫ್‌ಸಿ ಗೋವಾ ಎದುರು ಎಕ್ಸ್‌ಟ್ರಾ ಟೈಮ್‌ನಲ್ಲಿ ರಾಹುಲ್ ಭೇಕೆ ಹೆಡ್ ಮಾಡಿದ ಒಂದೇ ಗೋಲಿನಿಂದ ಕಪ್ ಬಂತು. ಅದೂ ಕಾರ್ನರ್‌ನಿಂದ! ಭೇಕೆ ಸ್ಟ್ರೈಕರ್ ಅಲ್ಲ, ಡಿಫೆಂಡರ್. ಸೋತ ದಿನ ಎಲ್ಲಿ ಏಟು ಬಿದ್ದಿತ್ತೋ ಅಲ್ಲಿಂದಲೇ ಗೆದ್ದರು. ಆ ಗೋಲ್ ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

ನೀವು ಮೂವರು ಕೋಚ್‌ಗಳನ್ನು ಬದಲಾಯಿಸಿದಿರಿ. ಒಬ್ಬರು ಕಲಿಸಿದ್ದನ್ನು ಮುಂದಿನವರಿಗೆ ಯಾರಾದರೂ ಒಪ್ಪಿಸಿದಿರಾ? ಪ್ರತಿ ಸಲ ಹುಡುಗರು ಒಂದನೇ ಕ್ಲಾಸಿಗೇ ವಾಪಸ್ ಬಂದಿರುತ್ತಾರೆ, ಅಲ್ವಾ?

ಉಳ್ಳಾಲದಿಂದ ಒಬ್ಬ ಪಿಟಿ ಮೇಷ್ಟ್ರು:

ಆಸ್ಟಿನ್ ಟೌನ್ ಅಣ್ಣ ಹೇಳಿದ್ದು ಸರಿ. ಆದರೆ ನೋಡಿಕೊಂಡರೆ ಮಾತ್ರ ಸಾಲದು, ಕಲಿಸಬೇಕು. ಬಹಳ ಕೋಚ್‌ಗಳು ಕಿರುಚುತ್ತಾರೆ, ಕಲಿಸುವುದಿಲ್ಲ. ‘ಪಾಸ್ ಮಾಡೋ, ಪಾಸ್ ಮಾಡೋ’ ಅಂತ ಗಂಟಲು ಹರಿದುಕೊಂಡರೆ ಪಾಸ್ ಬರುತ್ತದಾ?

ನಮ್ಮ ದೇಶ ಕಂಡ ದೊಡ್ಡ ಕೋಚ್ ಸೈಯದ್ ಅಬ್ದುಲ್ ರಹೀಂ. ಹೈದರಾಬಾದಿನವರು, ವೃತ್ತಿಯಲ್ಲಿ ಶಾಲಾ ಮೇಷ್ಟ್ರು. ಅವರ ಕೈಕೆಳಗೆ ಭಾರತ 1951ರಲ್ಲಿ, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದಿತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 1962ರ ಜಕಾರ್ತ ಕಥೆಯನ್ನು ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಮೊದಲ ಮ್ಯಾಚ್‌ನಲ್ಲೇ ದಕ್ಷಿಣ ಕೊರಿಯಾ ಎದುರು 0–2 ಸೋಲು. ಮುಂದಿನ ಮ್ಯಾಚ್‌ನಲ್ಲಿ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟು ಬಿದ್ದು ಹೊಲಿಗೆ ಹಾಕಿದರು. ರಹೀಂ ಅವರನ್ನು ಮನೆಗೆ ಕಳಿಸಲಿಲ್ಲ. ಮುಂದೆ ಸ್ಟ್ರೈಕರ್ ಜಾಗಕ್ಕೆ ಹಾಕಿದರು. ಸೆಮಿಫೈನಲ್‌ನಲ್ಲಿ ಜರ್ನೈಲ್ ಗೋಲ್ ಹೊಡೆದರು. ಫೈನಲ್‌ನಲ್ಲಿ ಅದೇ ಕೊರಿಯಾ ಎದುರು 2–1 ಗೆದ್ದಾಗ ಒಂದು ಗೋಲ್ ಪಿ.ಕೆ. ಬ್ಯಾನರ್ಜಿಯವರದು, ಇನ್ನೊಂದು ಜರ್ನೈಲ್ ಅವರದು. ರಹೀಂ ಅವರಿಗೆ ಆಗಲೇ ಕ್ಯಾನ್ಸರ್. ಮಾರನೇ ವರ್ಷ ತೀರಿಹೋದರು.

ಒಬ್ಬ ಆಟಗಾರ ಏನೇನು ಮಾಡಬಲ್ಲ ಅಂತ ಅವನಿಗಿಂತ ಕೋಚ್‌ಗೆ ಚೆನ್ನಾಗಿ ಗೊತ್ತಿರಬೇಕು. ಹೊಸ ಕೋಚ್ ಸಿಕ್ಕರೆ ಒಂದು ಸಂಜೆ ಪ್ರ್ಯಾಕ್ಟೀಸ್ ಮಾಡಿಸಲು ಹೇಳಿ, ಸುಮ್ನೆ ದೂರ ನಿಂತು ನೋಡಿ. ಹುಡುಗರು ಸಾಲಲ್ಲಿ ನಿಂತು ಕಾಯುವ ಹೊತ್ತು ಜಾಸ್ತಿಯೋ, ಬಾಲ್ ಮುಟ್ಟುವ ಹೊತ್ತು ಜಾಸ್ತಿಯೋ ಎಣಿಸಿ. ಲೈಸೆನ್ಸ್ ಬೇಡ ಅನ್ನುತ್ತಿಲ್ಲ, ಇರಲಿ. ಆ ಒಂದು ಸಂಜೆಯ ಪ್ರ್ಯಾಕ್ಟೀಸನ್ನು ಮಾತ್ರ ನೋಡದೆ ಬಿಡಬೇಡಿ.

ಜರ್ಮನಿಯ ಕಲೋನ್ ಹತ್ತಿರ ಇರುವ ಧಾರವಾಡದವರು:

ಬೆಂಚ್ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ಇಲ್ಲೇ ಪಕ್ಕದ ಲೆವರ್‌ಕುಸೆನ್ ಟೀಮನ್ನು ಹತ್ತು ವರ್ಷದಿಂದ ನೋಡುತ್ತಿದ್ದೇನೆ. 2002ರಲ್ಲಿ ಲೀಗ್, ಕಪ್, ಚಾಂಪಿಯನ್ಸ್ ಲೀಗ್ ಮೂರರಲ್ಲೂ ಎರಡನೇ ಸ್ಥಾನಕ್ಕೆ ನಿಂತವರು. ಜನ ಇವರನ್ನು ಯಾವತ್ತೂ ಗೆಲ್ಲದವರು ಅಂತಲೇ ಕರೆಯುತ್ತಿದ್ದರು. 2022ರ ಅಕ್ಟೋಬರ್‌ನಲ್ಲಿ ಶಾಬಿ ಅಲೊನ್ಸೊ ಕೋಚ್ ಆಗಿ ಬಂದಾಗ ಟೇಬಲ್‌ನಲ್ಲಿ ಕೊನೆಯಿಂದ ಎರಡನೆಯವರು. 2023–24ರಲ್ಲಿ ಲೀಗ್‌ನ 34 ಮ್ಯಾಚ್‌ನಲ್ಲಿ ಒಂದೂ ಸೋಲದೆ ಗೆದ್ದರು. 1904ರಲ್ಲಿ ಶುರುವಾದ ಕ್ಲಬ್‌ಗೆ ಅದೇ ಮೊದಲ ಲೀಗ್ ಪ್ರಶಸ್ತಿ.

ಆ ವರ್ಷ ಯುರೋಪಾ ಲೀಗ್‌ಗೆ (ಯುರೋಪಿನ ಕ್ಲಬ್‌ಗಳ ಎರಡನೇ ಹಂತದ ಟೂರ್ನಿ) ಅಲೊನ್ಸೊ ಎರಡನೇ ಕೀಪರ್ ಮತೇಯ್ ಕೋವಾರ್ ಅವರನ್ನು ಆಡಿಸುತ್ತಿದ್ದರು. ಫೈನಲ್ ಬಂದಾಗ ಒಂದನೇ ಕೀಪರ್‌ನನ್ನು ತರಲಿಲ್ಲ. ಕೋವಾರ್ ಅವರೇ ನಿಂತರು. ಅಟಲಾಂಟಾ ಎದುರು 0–3 ಸೋತರು. ಆ ಸೀಸನ್‌ನಲ್ಲಿ ಎಲ್ಲ ಸೇರಿ ಅದೊಂದೇ ಸೋಲು. ಆದರೂ ಅಲೊನ್ಸೊ ಮಾಡಿದ್ದು ಸರಿ ಅಂತ ನಾನು ಇವತ್ತಿಗೂ ಹೇಳುತ್ತೇನೆ. ಇಲ್ಲಿ ತನಕ ಕರೆದುಕೊಂಡು ಬಂದವನನ್ನು ಫೈನಲ್ ದಿನ ಕೂರಿಸಿದ್ದರೆ, ಇಡೀ ಬೆಂಚ್ ಅದನ್ನು ನೋಡುತ್ತಿತ್ತು. ಮೂರು ದಿನ ಬಿಟ್ಟು ಜರ್ಮನ್ ಕಪ್ ಫೈನಲ್ ಇತ್ತು. ಅರ್ಧ ಆಟ ಹತ್ತೇ ಜನ ಆಡಿ ಅದನ್ನು ಗೆದ್ದರು.

ಬೆಳಗಾವಿಯಿಂದ ಒಬ್ಬ ತಾಯಿ:

ನನ್ನ ಮಗಳು ಆಡ್ತಾಳೆ, 15 ವರ್ಷ. ನನಗೆ ಆಟ ಅಷ್ಟು ತಿಳಿಯುವುದಿಲ್ಲ, ನಾ ನೋಡಿದ್ದು ಹೇಳ್ತೀನಿ. ಮೊದಲು ಹೋದ ಕಡೆ ಕೋಚ್ ಎಲ್ಲರ ಮುಂದೆ ಅವಳ ತೂಕದ ಬಗ್ಗೆ ಮಾತಾಡಿದರು. ಆ ವಾರ ಅವಳು ರಾತ್ರಿ ಊಟ ಬಿಟ್ಟಳು. ಬಿಡಿಸಿಕೊಂಡು ಬಂದೆ. ಈಗಿನ ಮೇಡಂ ಸೋತ ದಿನ ಮೊದಲು ಎಲ್ಲರಿಗೂ ನೀರು ಕೊಡ್ತಾರೆ, ಬಾಳೆಹಣ್ಣು ಕೊಡ್ತಾರೆ. ತಪ್ಪಿನ ಮಾತು ಅವತ್ತು ತೆಗೆಯುವುದೇ ಇಲ್ಲ. ಎರಡು ದಿನ ಬಿಟ್ಟು ಪ್ರ್ಯಾಕ್ಟೀಸ್‌ನಲ್ಲಿ ಅದೇ ತಪ್ಪನ್ನು ತಿದ್ದಿಸ್ತಾರೆ. ಬಾಲ್, ಕೋನ್ ಎತ್ತಿಡುವಾಗ ಅವರೂ ಎತ್ತುತ್ತಾರೆ. ಈಗ ನನ್ನ ಮಗಳು ಮನೆಯಲ್ಲೂ ತಟ್ಟೆ ತಾನೇ ಎತ್ತಿಡ್ತಾಳೆ. ಟೀಮ್ ಗೆಲ್ಲೋದು ಸೋಲೋದು ಇದ್ದೇ ಇರ್ತದ. ಮಕ್ಕಳು ಮಾತ್ರ ಒಬ್ಬರೂ ಬಿಟ್ಟು ಹೋಗಿಲ್ಲ.

ಮತ್ತೆ ಸೆಕ್ರೆಟರಿ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಸ್ಟಿನ್ ಟೌನ್ ಅಣ್ಣ ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದೆ. ನಾಲ್ಕು ಹುಡುಗರು ಕಳೆದ ಸೀಸನ್‌ನಲ್ಲಿ ಒಂದು ನಿಮಿಷವೂ ಆಡಿಲ್ಲ. ಅದರಲ್ಲಿ ಇಬ್ಬರು ಈಗ ಬರುತ್ತಲೂ ಇಲ್ಲ. ನನಗೆ ಗೊತ್ತೇ ಇರಲಿಲ್ಲ. ಮೂರನೇ ಕೋಚನ್ನೇ ಇನ್ನೊಂದು ವರ್ಷ ಇಟ್ಟುಕೊಳ್ಳೋಣ ಅಂತ ಕಮಿಟಿಗೆ ಹೇಳುತ್ತೇನೆ.

ಒಂದು ಕಷ್ಟ ಇದೆ. ನಮ್ಮ ಸ್ಟ್ರೈಕರ್ 11 ಗೋಲ್ ಹೊಡೆದಿದ್ದಾನೆ. ಪ್ರ್ಯಾಕ್ಟೀಸ್‌ಗೆ ಬರುವುದೇ ಇಲ್ಲ. ಜೆರ್ಸಿ, ಗ್ರೌಂಡ್ ಬಾಡಿಗೆ ಎರಡನ್ನೂ ಕೊಡುವವರು ಅವರ ಅಪ್ಪ. ಕೋಚ್ ಒಂದು ಸಲ ಅವನನ್ನು ಕೂರಿಸಿದಾಗ ಕಮಿಟಿಯಲ್ಲಿ ಗಲಾಟೆಯಾಯಿತು. ಆಮೇಲೆ ಕೋಚ್ ಸುಮ್ಮನಾಗಿಬಿಟ್ಟರು.

ಆಸ್ಟಿನ್ ಟೌನ್‌ನಿಂದ:

ಸರ್, ಅವತ್ತು ಆ ಕೋಚ್‌ನ ಕೈ ಕಟ್ಟಿದ್ದು ಕಮಿಟಿ. ಉಳಿದ 21 ಹುಡುಗರೂ ಅದನ್ನು ನೋಡಿದ್ದಾರೆ. ಇನ್ನು ಅವರಿಗೆ ಬೇಗ ಬಾ, ಓಡು ಅಂತ ಹೇಳಿದರೆ ಯಾರು ಕೇಳುತ್ತಾರೆ?

ಆ ಹುಡುಗ ಕೆಟ್ಟವನಲ್ಲ, ಇಷ್ಟು ದಿನ ಯಾರೂ ಅವನಿಂದ ಏನೂ ಕೇಳಿಲ್ಲ ಅಷ್ಟೇ. ಸೀಸನ್ ಶುರುವಾಗುವ ಮುಂಚೆಯೇ ಅವರಪ್ಪನ ಹತ್ತಿರ ನೀವೇ ಹೋಗಿ, ಕೋಚ್‌ನ ಕಳಿಸಬೇಡಿ. ದುಡ್ಡಿಗೆ ಕೃತಜ್ಞತೆ ಹೇಳಿ, ಮನಸ್ಸಿನಿಂದ ಹೇಳಿ. ಆಮೇಲೆ ಪ್ರ್ಯಾಕ್ಟೀಸ್ ನಿಯಮ ನಿಮ್ಮ ಮಗನಿಗೂ ಇದೆ ಅಂತ ಹೇಳಿ. ಅವರು ದುಡ್ಡು ನಿಲ್ಲಿಸಬಹುದು. ನಮಗೆ ಒಮ್ಮೆ ಹಾಗೇ ಆಯಿತು. ಆ ವರ್ಷ ಹಳೇ ಜೆರ್ಸಿಗೆ ನಂಬರ್ ಹೊಲಿಸಿಕೊಂಡು ಆಡಿದೆವು, ಗ್ರೌಂಡ್‌ಗೆ ಹಳೇ ಪ್ಲೇಯರ್‌ಗಳು ತಲಾ ಇನ್ನೂರು ರೂಪಾಯಿ ಹಾಕಿದರು. ಹೆಚ್ಚು ಸಲ ಹಾಗಾಗುವುದಿಲ್ಲ. ಮಗ ಉದ್ಧಾರವಾಗಲಿ ಅಂತಲೇ ಅಪ್ಪ ದುಡ್ಡು ಕೊಡುವುದು.

ಅದಕ್ಕೂ ಮುಂಚೆ ಒಂದು ಕೆಲಸ. ಬರುವುದು ಬಿಟ್ಟ ಆ ಇಬ್ಬರು ಹುಡುಗರ ಮನೆ ಎಲ್ಲಿದೆ ಅಂತ ಕೇಳಿಕೊಳ್ಳಿ. ಈ ವಾರವೇ ಹೋಗಿ, ಕೋಚನ್ನೂ ಕರೆದುಕೊಂಡು ಹೋಗಿ. ಅವರು ಹೊರಗೆ ಬಂದು ಮಾತಾಡಿದರಾ ಅಂತ ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.