ಅಪ್‌ಡೇಟ್: ಮುಧೋಳ ನಾಯಿಯೋ, ಶಾಂತ ಸ್ವಭಾವದ ನಾಯಿಯೋ?

ಬೆಂಗಳೂರಿನ ಫ್ಲ್ಯಾಟ್‌ನಲ್ಲಿ, ವಯಸ್ಸಾದ ಅಪ್ಪನ ಜೊತೆ ಇದ್ದುಕೊಂಡು ಮುಧೋಳ ನಾಯಿ ಸಾಕಬಹುದಾ, ಇಲ್ಲಾ ಶಾಂತ ಸ್ವಭಾವದ ಬೇರೆ ನಾಯಿ ತರಲಾ ಅಂತ ಹಿಂದೆ ಇಲ್ಲಿ ಕೇಳಿದ್ದೆ. ಕೊನೆಗೆ ಮನೆಗೆ ಬಂದದ್ದು ನಾಲ್ಕು ವರ್ಷದ ದೇಸಿ ಹೆಣ್ಣು ನಾಯಿ.

ಕೆಲಸಕ್ಕೆ ಬಂದ ಸಲಹೆ ಒಂದೇ: ಮರಿ ತರಬೇಡಿ, ಬೆಳೆದ ನಾಯಿಯನ್ನು ಮೊದಲು ಸ್ವಲ್ಪ ದಿನ ಇಟ್ಟುಕೊಂಡು ನೋಡಿ. ಮರಿ ಮುಂದೆ ಹೇಗಾಗುತ್ತದೋ ಹೇಳುವುದು ಕಷ್ಟ. ಬೆಳೆದ ನಾಯಿಯ ಸ್ವಭಾವ ಕಣ್ಣೆದುರೇ ಇರುತ್ತದೆ, ಅಲ್ವಾ?

ಪಗ್ ತನ್ನಿ ಅಂತ ಬಂದ ಸಲಹೆ ಕೈಬಿಟ್ಟೆ. ಮೂತಿ ಚಪ್ಪಟೆ ಇರುವುದರಿಂದ ಸೆಕೆಯಲ್ಲಿ ಅವಕ್ಕೆ ಉಸಿರಾಟವೇ ಕಷ್ಟ, ಪಾಪ. ಲ್ಯಾಬ್ರಡಾರ್ ಶಾಂತ ಅಂದವರಿಗೆ ಒಂದು ಮಾತು: ಅದೂ ಬೇಟೆಯ ಹಕ್ಕಿ ಹೆಕ್ಕಿ ತರುವ ಕೆಲಸದ ತಳಿಯೇ. ಮೊದಲ ಎರಡು ಮೂರು ವರ್ಷ ಅದರ ಹುರುಪು ಜಾಸ್ತಿ.

ಆಶ್ಚರ್ಯ ಆಗಿದ್ದು ಮುಧೋಳದ ವಿಷಯದಲ್ಲಿ. ಪರಿಚಯದವರ ಮನೆಯಲ್ಲಿ ನೋಡಿದೆ, ಒಳಗೆ ಸದ್ದೇ ಇಲ್ಲದೆ ಮಲಗಿತ್ತು. ಆದರೆ ಇದು ಕಣ್ಣಿಂದ ನೋಡಿ ಬೆನ್ನಟ್ಟುವ ಬೇಟೆ ನಾಯಿ. ಹೊರಗೆ ಬೆಕ್ಕು ಓಡಿದ್ದೇ ತಡ, ಬೆಲ್ಟ್ ಹಿಡಿದವರನ್ನೂ ಎಳೆದುಕೊಂಡು ಹೊರಟಿತು. ಅಪ್ಪನ ಕೈಗೆ ಅದು ಸಾಧ್ಯವಿಲ್ಲ. ಬೇಲಿ ಹಾಕಿದ ಜಮೀನು ಇರುವವರು ಖಂಡಿತ ಸಾಕಿ, ನಮ್ಮ ಬಾಗಲಕೋಟೆ ಸೀಮೆಯ ಹೆಮ್ಮೆಯ ತಳಿ ಅದು.

ನಮ್ಮವಳಿಗೆ ಓಟ ಬೇಕಿಲ್ಲ. ಅಪ್ಪನ ಜೊತೆ ನಿಧಾನಕ್ಕೆ, ಮೂಸುತ್ತಾ ನಡೆಯುತ್ತಾಳೆ. ಅಷ್ಟಕ್ಕೇ ದಣಿದು ಮಲಗುತ್ತಾಳೆ. ಲಸಿಕೆ, ಸಂತಾನಹರಣ ಎರಡೂ ಮುಗಿದಿದೆ. ಲಿಫ್ಟ್ ಭಯ ಮಾತ್ರ ಇನ್ನೂ ಹೋಗಿಲ್ಲ, ಸದ್ಯಕ್ಕೆ ಮೆಟ್ಟಿಲೇ ಗತಿ.